ಒಂದು ಪಡಸಾಲೆ, ನಾಲ್ಕು ಬಗೆಯ ಕುರ್ಚಿ

ನಮ್ಮ ಗಡಿನಾಡಿನ ಯಾವ ಮನೆಯ ಪಡಸಾಲೆಯನ್ನಾದರೂ ನೋಡಿ. ಹಿರಿಯರ ಕಾಲದ ಆರಾಮ ಕುರ್ಚಿ ಒಂದು, ಮಡಚುವ ಕಬ್ಬಿಣದ ಕುರ್ಚಿ ಎರಡು, ಪೇಟೆಯಿಂದ ತಂದ ಪ್ಲಾಸ್ಟಿಕ್ ಕುರ್ಚಿ ನಾಲ್ಕು. ಒಂದಕ್ಕೊಂದು ಸಂಬಂಧವಿಲ್ಲ. ಬಂದವರಿಗೆ ಕೂಡಲು ಸಿಕ್ಕರೆ ಸಾಕು, ಹೊಂದಾಣಿಕೆಯ ಮಾತು ಯಾರಿಗೆ ಬೇಕು! ಆದರೆ ಹೊಸ ಕಾಲದ ಬೇರೆ ಬೇರೆ ಕುರ್ಚಿಗಳನ್ನು ಒಂದೇ ಕೋಣೆಯಲ್ಲಿಟ್ಟ ಒಂದು ಮನೆಯ ಬಗ್ಗೆ 1931ರಲ್ಲಿ ಜರ್ಮನಿಯ ಪತ್ರಿಕೆಯೊಂದರಲ್ಲಿ ದೊಡ್ಡ ವಾದವೇ ನಡೆಯಿತು. ಆ ಮನೆಯ ಕಥೆಯನ್ನು ಗಡಿನಾಡಿನ ಕನ್ನಡಿಗರಾದ ನಾವು ತಿಳಿದಿರಬೇಕು ಎಂದು ಅನ್ನಿಸಿ ಬರೆಯುತ್ತಿದ್ದೇವೆ. ಯಾಕೆಂಬುದು ಓದುತ್ತ ಹೋದಂತೆ ಗೊತ್ತಾಗುತ್ತದೆ.

ಮನೆ ಇರುವುದು ಇಂದಿನ ಚೆಕ್ ಗಣರಾಜ್ಯದ ಎರಡನೆಯ ದೊಡ್ಡ ನಗರ ಬ್ರ್ನೋದಲ್ಲಿ. ಈ ಊರು ನಮ್ಮ ಮಕ್ಕಳಿಗೆ ಪೂರ್ತಿ ಅಪರಿಚಿತವೇನಲ್ಲ. ವಿಜ್ಞಾನದ ಪುಸ್ತಕದಲ್ಲಿ ಬರುವ ಬಟಾಣಿ ಗಿಡದ ಮೆಂಡಲ್ ಪ್ರಯೋಗ ಮಾಡಿದ್ದು ಇದೇ ಊರಿನ ಮಠದ ತೋಟದಲ್ಲಿ. ಸುತ್ತಲಿನ ನಾಡು ಚೆಕ್ ಭಾಷೆಯದು. ಆದರೆ ಊರಿನಲ್ಲಿ ತಲೆಮಾರುಗಳಿಂದ ಜರ್ಮನ್ ಮಾತನಾಡುವವರೂ ಇದ್ದರು. ಮೆಂಡಲ್ ತನ್ನ ಪ್ರಬಂಧ ಬರೆದದ್ದು ಜರ್ಮನ್ ಭಾಷೆಯಲ್ಲೇ. ಚೆಕ್ಕರಿಗೆ ಇದು ಬ್ರ್ನೋ, ಜರ್ಮನ್ನರಿಗೆ ಬ್ರ್ಯೂನ್. ನಮ್ಮಲ್ಲಿ ಸೋಲಾಪುರ, ಸೊಲ್ಲಾಪುರ ಎನ್ನುವ ಹಾಗೆ. ಇನ್ನೊಂದು ಹೋಲಿಕೆಯೂ ಇದೆ: ಬ್ರ್ನೋ ಕೂಡ ಬಟ್ಟೆ ಗಿರಣಿಗಳಿಂದ ಬೆಳೆದ ಊರು.

ಅಂಥ ಗಿರಣಿ ಮಾಲೀಕರ ಮನೆತನಗಳಲ್ಲಿ ಹುಟ್ಟಿದವರು ಫ್ರಿಟ್ಸ್ ತುಗೆಂಡ್‌ಹಾಟ್ ಮತ್ತು ಗ್ರೇಟೆ. ಇಬ್ಬರೂ ಜರ್ಮನ್ ಮಾತನಾಡುವ ಯಹೂದಿಗಳು. ಮದುವೆಯ ಹೊತ್ತಿಗೆ ಗ್ರೇಟೆಯ ತಂದೆ ಜಾಗ ಕೊಟ್ಟು, ಮನೆ ಕಟ್ಟಿಸುವ ಖರ್ಚನ್ನೂ ವಹಿಸಿಕೊಂಡರು. ಜರ್ಮನಿಯ ವಾಸ್ತುಶಿಲ್ಪಿ ಮೀಸ್ ಫಾನ್ ಡೆರ್ ರೋಹೆ ಅವರಿಗೆ ಕೆಲಸ ಒಪ್ಪಿಸಲಾಯಿತು. 1930ರ ಡಿಸೆಂಬರಿನಲ್ಲಿ ಗೃಹಪ್ರವೇಶವಾಯಿತು.

ಮನೆಯ ಮುಖ್ಯ ಭಾಗವೇ ಪಡಸಾಲೆ. 200 ಚದರ ಮೀಟರಿಗೂ ಹೆಚ್ಚಿನ ಜಾಗ, ನಡುವೆ ಪೂರ್ಣ ಗೋಡೆಗಳಿಲ್ಲ. ಮೊರಾಕ್ಕೋದಿಂದ ತಂದ ಓನಿಕ್ಸ್ ಕಲ್ಲಿನ ಒಂದು ಅಡ್ಡಗೋಡೆ, ಊಟದ ಜಾಗವನ್ನು ಅರ್ಧಚಂದ್ರದಂತೆ ಬಳಸಿದ ಕರಿಮರದ ಗೋಡೆ, ತೋಟದ ಕಡೆಗೆ ನೆಲದಿಂದ ಸೂರಿನವರೆಗೂ ಗಾಜು. ಎರಡು ದೊಡ್ಡ ಗಾಜುಗಳು ವಿದ್ಯುತ್ ಮೋಟಾರಿನಿಂದ ನೆಲದೊಳಗೇ ಇಳಿಯುತ್ತಿದ್ದವು. ಚಾವಣಿಯನ್ನು ಹೊತ್ತದ್ದು ಹೊಳೆಯುವ ಕ್ರೋಮ್ ಹೊದಿಕೆಯ ತೆಳ್ಳನೆಯ ಉಕ್ಕಿನ ಕಂಬಗಳು.

ಇನ್ನು ಕುರ್ಚಿಗಳಿಗೆ ಬರೋಣ. (ಕುರ್ಚಿ ಎಂಬ ನಮ್ಮ ಮಾತೇ ಅರಬ್ಬಿಯ ‘ಕುರ್ಸಿ’ಯಿಂದ ಬಂದದ್ದು, ಮರಾಠಿಯ ಖುರ್ಚಿಯೂ ಅದೇ.) ಓನಿಕ್ಸ್ ಗೋಡೆಯ ಮುಂದೆ ಕುಳಿತು ಮಾತಾಡುವ ಜಾಗ. ಅಲ್ಲಿ ಎರಡು ಬಗೆ. ಒಂದು, 1929ರ ಬಾರ್ಸಿಲೋನಾ ವಸ್ತುಪ್ರದರ್ಶನದ ಜರ್ಮನ್ ಮಂಟಪಕ್ಕಾಗಿ ಮಾಡಿದ ಅಗಲವಾದ ಕುರ್ಚಿ, ಕಾಲುಗಳು ಕತ್ತರಿಯಂತೆ ಅಡ್ಡಹಾಯುತ್ತವೆ. ಸ್ಪೇನಿನ ರಾಜ ರಾಣಿಯರು ಬಂದಾಗ ಕೂಡಲೆಂದು ರೂಪಿಸಿದ್ದು. ಇಲ್ಲಿ ಅದಕ್ಕೆ ಪಚ್ಚೆ ಬಣ್ಣದ ತೊಗಲು. ಎರಡನೆಯದು ಈ ಮನೆಗೆಂದೇ ಮಾಡಿದ್ದು, ಮನೆತನದ ಹೆಸರೇ ಅದಕ್ಕೆ ಬಂತು. ಅದಕ್ಕೆ ಬೆಳ್ಳಿಬೂದು ಬಣ್ಣದ ಬಟ್ಟೆ. ಉಕ್ಕಿನ ಪಟ್ಟಿಯ ಮೇಲೆ ನಿಂತ ಆಸನ ಕೂತಾಗ ಸ್ವಲ್ಪ ತೂಗುತ್ತದೆ. ಊಟದ ಮೇಜಿನ ಸುತ್ತ ಬಿಳಿ ತೊಗಲಿನ ‘ಬ್ರ್ನೋ ಕುರ್ಚಿ’, ಊರಿನ ಹೆಸರನ್ನೇ ಪಡೆದದ್ದು. ಅದರ ಕೈಗಳು ತಗ್ಗಾಗಿರುವುದರಿಂದ ಮೇಜಿನ ಕೆಳಗೆ ಸರಾಗವಾಗಿ ಸರಿಯುತ್ತದೆ. ನಾಲ್ಕನೆಯದು ಗಾಜಿನ ಬಳಿ ಕಾಲು ಚಾಚಿ ಒರಗುವ ಉದ್ದನೆಯ ಆಸನ, ಮಾಣಿಕ್ಯದ ಕೆಂಪಿನ ಮಖಮಲ್ಲಿನದು.

ಇವುಗಳಲ್ಲಿ ಕೆಲವಕ್ಕೆ ಹಿಂಗಾಲುಗಳೇ ಇಲ್ಲ ಎಂಬುದನ್ನು ಗಮನಿಸಿ. ಇಂದು ಬ್ಯಾಂಕುಗಳಲ್ಲಿ, ದವಾಖಾನೆಗಳಲ್ಲಿ ಕೊಳವೆ ಬಗ್ಗಿಸಿ ಮಾಡಿದ ಇಂಥ ಕುರ್ಚಿಗಳಲ್ಲಿ ಕೂತೇ ಕೂತಿರುತ್ತೀರಿ. ಅವುಗಳ ಮೂಲ ಆ ಕಾಲದ್ದೇ. 1925ರಲ್ಲಿ ಮಾರ್ಸೆಲ್ ಬ್ರಾಯರ್ ಉಕ್ಕಿನ ಕೊಳವೆ ಬಗ್ಗಿಸಿ ಕುರ್ಚಿ ಮಾಡಿದರು. ಸೈಕಲ್ಲಿನ ಹ್ಯಾಂಡಲ್ ನೋಡಿ ಹೊಳೆಯಿತು ಎಂದು ಅವರೇ ಹೇಳಿಕೊಂಡಿದ್ದಾರೆ! 1927ರಲ್ಲಿ ಸ್ಟುಟ್‌ಗಾರ್ಟಿನ ಪ್ರದರ್ಶನದಲ್ಲಿ ಮಾರ್ಟ್ ಸ್ಟಾಮ್ ಮತ್ತು ಮೀಸ್ ಇಬ್ಬರೂ ಹಿಂಗಾಲಿಲ್ಲದ ಕುರ್ಚಿ ತೋರಿಸಿದರು. ಉಕ್ಕಿಗೆ ಸ್ಪ್ರಿಂಗಿನ ಗುಣ ಇರುವುದರಿಂದ ಮುಂಗಾಲೇ ಬಾಗಿ ಭಾರ ಹೊರುತ್ತದೆ.

ನಾಲ್ಕು ಆಕಾರ, ನಾಲ್ಕು ಬಣ್ಣ. ಆದರೂ ಕೋಣೆ ಸಂತೆಯಾಗಲಿಲ್ಲ. ಕಂಬದ ಕ್ರೋಮ್ ಹೊಳಪೇ ಕುರ್ಚಿಗಳ ಕಾಲಿನಲ್ಲೂ ಇತ್ತು, ನೆಲದ ಬಿಳಿ ಲಿನೋಲಿಯಂ ಎಲ್ಲ ಬಣ್ಣಗಳನ್ನೂ ತಾಳಿಕೊಂಡಿತು. ಬಣ್ಣ ಮತ್ತು ಬಟ್ಟೆಗಳ ವಿಷಯದಲ್ಲಿ ದೊಡ್ಡ ಪಾಲು ಮೀಸ್ ಅವರ ಸಹೋದ್ಯೋಗಿ ಲಿಲ್ಲಿ ರೈಖ್ ಅವರದು. ಬಹಳ ವರ್ಷ ಪುಸ್ತಕಗಳಲ್ಲಿ ಮೀಸ್ ಹೆಸರು ಮಾತ್ರ ಬರುತ್ತಿತ್ತು. ಹೆಣ್ಣುಮಕ್ಕಳ ಕೆಲಸಕ್ಕೆ ಹೀಗಾಗುವುದು ಹೊಸದೇನಲ್ಲ ಬಿಡಿ.

ವಾದ ಹುಟ್ಟಿದ್ದು ಇಲ್ಲೇ. ‘ಡಿ ಫೋರ್ಮ್’ ಪತ್ರಿಕೆಯಲ್ಲಿ ವಿಮರ್ಶಕ ಯುಸ್ಟುಸ್ ಬೀರ್ ಕೇಳಿದರು: ಈ ಮನೆಯಲ್ಲಿ ಬದುಕಲು ಸಾಧ್ಯವೇ? ಎಲ್ಲವೂ ಇಷ್ಟು ಕಟ್ಟುನಿಟ್ಟಾಗಿರುವಾಗ ಮನೆಯವರಿಗೆ ತಮ್ಮದೆಂಬ ಬದುಕು ಎಲ್ಲಿ ಉಳಿಯಿತು? ಮನೆಯವರಿಬ್ಬರೂ ಅದೇ ಪತ್ರಿಕೆಯಲ್ಲಿ ಉತ್ತರ ಬರೆದರು. ಇಲ್ಲಿ ಚಿತ್ರಪಟ ತೂಗುಹಾಕುವಂತಿಲ್ಲ, ಹೊರಗಿನ ಒಂದು ಪೀಠೋಪಕರಣ ತಂದಿಟ್ಟರೂ ಕೆಡುತ್ತದೆ ಎಂಬುದನ್ನು ಫ್ರಿಟ್ಸ್ ಒಪ್ಪಿಕೊಂಡರು. ಆದರೆ ಅದರಿಂದ ತಮ್ಮ ಬದುಕಿಗೆ ಅಡ್ಡಿಯಾಗಿಲ್ಲ ಎಂದರು. ಕೋಣೆಯ ಶಿಸ್ತು ತಮ್ಮನ್ನು ಕುಗ್ಗಿಸಿಲ್ಲ ಎಂಬುದು ಗ್ರೇಟೆಯ ಮಾತು. ನಮಗೇನೋ ಬೀರ್ ಕೇಳಿದ್ದರಲ್ಲೂ ಅರ್ಥವಿದೆ ಅನ್ನಿಸುತ್ತದೆ. ಒಂದು ಪ್ಲಾಸ್ಟಿಕ್ ಕುರ್ಚಿಗೂ ಜಾಗವಿಲ್ಲದ ಪಡಸಾಲೆಯಲ್ಲಿ ನಮ್ಮ ಜನ ಹೇಗೆ ಇದ್ದಾರು?

ಅವರು ಅಲ್ಲಿ ಇದ್ದದ್ದು ಎಂಟು ವರ್ಷವೂ ತುಂಬಲಿಲ್ಲ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ ಮೇಲೆ ಕುಟುಂಬ ಸ್ವಿಟ್ಜರ್ಲೆಂಡಿಗೆ, 1941ರಲ್ಲಿ ಅಲ್ಲಿಂದ ವೆನೆಜುವೆಲಾಕ್ಕೆ ಹೋಯಿತು. ಕೆಲವು ಪೀಠೋಪಕರಣಗಳು ಜೊತೆಗೆ ಹೋದವು. ಉಳಿದದ್ದನ್ನು ಮನೆಸಮೇತ 1939ರಲ್ಲಿ ಗೆಸ್ಟಾಪೋ ಪೊಲೀಸರು ವಶಪಡಿಸಿಕೊಂಡರು. 1941ರ ನವೆಂಬರಿನಿಂದ ಬ್ರ್ನೋದ ಯಹೂದಿಗಳನ್ನು ರೈಲುಗಳಲ್ಲಿ ತುಂಬಿ ಸಾಗಿಸಲಾಯಿತು. ಊರಲ್ಲೇ ಉಳಿದಿದ್ದ ಈ ಮನೆತನದ ಬಂಧುಗಳಲ್ಲೂ ಕೆಲವರು ನಾಜಿಗಳ ಕೈಯಲ್ಲಿ ಸತ್ತರು. ಯುದ್ಧ ಮುಗಿದ ಕೂಡಲೇ, 1945ರ ಮೇ ಕೊನೆಯಲ್ಲಿ, ಚೆಕ್ಕರು ಊರಿನ ಜರ್ಮನ್ನರನ್ನು ಆಸ್ಟ್ರಿಯಾದ ಗಡಿಯ ಕಡೆಗೆ ನಡೆಸಿಕೊಂಡು ಹೋಗಿ ಹೊರಹಾಕಿದರು. ಮುದುಕರು, ಮಕ್ಕಳು ದಾರಿಯಲ್ಲೇ ಸತ್ತರು. ಜರ್ಮನ್ ಮಾಧ್ಯಮದ ತಾಂತ್ರಿಕ ವಿದ್ಯಾಲಯವನ್ನು ಅದೇ ವರ್ಷ ಮುಚ್ಚಲಾಯಿತು. ಮೊದಲು ಯಹೂದಿಗಳು, ಆಮೇಲೆ ಜರ್ಮನ್ನರು. ಏಳು ವರ್ಷಗಳಲ್ಲಿ ಎರಡು ಭಾಷೆಯ ಊರು ಒಂದೇ ಭಾಷೆಯದಾಯಿತು.

ಮನೆ ಮಾತ್ರ ನಿಂತಿತ್ತು. ಯುದ್ಧದ ಕೊನೆಯಲ್ಲಿ ಸೋವಿಯತ್ ಸೈನಿಕರ ಕುದುರೆಗಳಿಗೆ ಲಾಯವಾಯಿತು, ಬಳಿಕ ನೃತ್ಯಶಾಲೆ, ಆಮೇಲೆ ಬೆನ್ನುಮೂಳೆಯ ತೊಂದರೆಯ ಮಕ್ಕಳಿಗೆ ವ್ಯಾಯಾಮ ಚಿಕಿತ್ಸೆಯ ಕೇಂದ್ರ. ಗ್ರೇಟೆ 1969ರಲ್ಲಿ ಬ್ರ್ನೋಗೆ ಬಂದು ಮನೆ ಕಟ್ಟಿಸಿದ ಕಥೆಯನ್ನು ಸಭೆಯಲ್ಲಿ ಹೇಳಿದರು, ಮರುವರ್ಷ ತೀರಿಕೊಂಡರು. 1992ರ ಆಗಸ್ಟಿನಲ್ಲಿ ಚೆಕ್ ಮತ್ತು ಸ್ಲೋವಾಕ್ ನಾಯಕರು ದೇಶವನ್ನು ಎರಡು ಮಾಡುವ ಮಾತುಕತೆ ನಡೆಸಿದ್ದೂ ಇಲ್ಲೇ. ಗಡಿ ಎಳೆಯುವವರಿಗೆ ಒಳ್ಳೆಯ ಜಾಗ ಸಿಕ್ಕಿತ್ತು! 2001ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

2010ರಿಂದ 2012ರವರೆಗೆ ದುರಸ್ತಿ ನಡೆದಾಗ ಕರಿಮರದ ಅರ್ಧಚಂದ್ರ ಗೋಡೆಯ ಹಲಗೆಗಳು ಸಿಕ್ಕವು. ಎಲ್ಲಿ ಗೊತ್ತೇ? ಕಾನೂನು ಕಾಲೇಜಿನ ವಿದ್ಯಾರ್ಥಿಗಳ ಕ್ಯಾಂಟೀನಿನಲ್ಲಿ! ಯುದ್ಧಕಾಲದಲ್ಲಿ ಆ ಕಟ್ಟಡ ಗೆಸ್ಟಾಪೋ ಕಚೇರಿಯಾಗಿತ್ತು. ಹಲಗೆ ಕಳಚಿ ತಂದು ತಮ್ಮ ಬಾರಿನ ಗೋಡೆಗೆ ಹೊಡೆದಿದ್ದರು. ಎಷ್ಟೋ ವರ್ಷ ಹುಡುಗರು ಅದರ ಪಕ್ಕದಲ್ಲೇ ಊಟ ಮಾಡಿದ್ದರು. ಹಲಗೆಗಳು ಮನೆಗೆ ಮರಳಿದವು. ಕುರ್ಚಿಗಳು ಹಾಗೆ ಮರಳಲಿಲ್ಲ, ಈಗ ಅಲ್ಲಿರುವವು ಬಹುಪಾಲು ಹೊಸದಾಗಿ ಮಾಡಿದ ಪ್ರತಿಕೃತಿಗಳು. ಪಚ್ಚೆ, ಬೂದು, ಬಿಳಿ, ಕೆಂಪು ಎಲ್ಲವೂ ಹಿಂದಿದ್ದಲ್ಲೇ ಇವೆ.

ಆ ಮನೆಯ ಹಳೆಯ ಫೋಟೋಗಳಲ್ಲಿ ಎರಡು ಬಗೆ. ವೃತ್ತಿನಿರತ ಛಾಯಾಗ್ರಾಹಕರು ತೆಗೆದವುಗಳಲ್ಲಿ ಕುರ್ಚಿಗಳು ಗೆರೆ ಹಾಕಿದಂತೆ ನಿಂತಿವೆ, ಒಬ್ಬ ಮನುಷ್ಯನೂ ಇಲ್ಲ. ಫ್ರಿಟ್ಸ್ ಅವರಿಗೂ ಫೋಟೋ ತೆಗೆಯುವ ಹವ್ಯಾಸವಿತ್ತು. ಅವರು ತೆಗೆದವುಗಳಲ್ಲಿ ಮಕ್ಕಳು ಆಡುತ್ತಿದ್ದಾರೆ.