ಕಾಲೇಜಿನಿಂದ ವಾರ್ಡಿಗೆ: ಹೊಸ ನರ್ಸ್‌ಗಳ ಮೊದಲ ವರ್ಷ ಮತ್ತು ರೋಗಿಯ ಸುರಕ್ಷತೆ

ಬೆಂಗಳೂರಿನ ಎನ್.ಆರ್. ಕಾಲೋನಿಯ ಆಸುಪಾಸಿನ ಕೆಲವೇ ಕಿಲೋಮೀಟರುಗಳಲ್ಲಿ ಆರೋಗ್ಯಸೇವೆಯ ಎರಡು ಕಾಲಘಟ್ಟಗಳ ಕುರುಹುಗಳಿವೆ. ಕೋಟೆಯ ಕಡೆಗೆ 1900ರ ವಿಕ್ಟೋರಿಯಾ ಆಸ್ಪತ್ರೆ ಮತ್ತು 1935ರ ವಾಣಿ ವಿಲಾಸ ಆಸ್ಪತ್ರೆಗಳಿದ್ದರೆ, ಜಯನಗರದಲ್ಲಿ 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಇದೇ ರೀತಿ ನರ್ಸಿಂಗ್ ಶಿಕ್ಷಣವೂ ಬಹುತೇಕ ಕಡೆ ಆಸ್ಪತ್ರೆಯ ವಾರ್ಡಿನಲ್ಲೇ ಹುಟ್ಟಿ, ಕ್ರಮೇಣ ಕಾಲೇಜಿನ ಕಡೆಗೆ ಸರಿದುಬಂದಿತು; ಭಾರತದಲ್ಲಿ ಬಿ.ಎಸ್ಸಿ. ನರ್ಸಿಂಗ್ 1946ರಲ್ಲಿ ದೆಹಲಿ ಮತ್ತು ವೆಲ್ಲೂರುಗಳಲ್ಲಿ ಆರಂಭವಾಯಿತು. ಹಳೆಯ ವ್ಯವಸ್ಥೆ ವಿದ್ಯಾರ್ಥಿನಿಯರ ಅಗ್ಗದ ದುಡಿಮೆಯನ್ನು ನೆಚ್ಚಿಕೊಂಡಿತ್ತೆಂಬುದು ನಿಜವಾದರೂ, ಕಲಿತದ್ದಕ್ಕೂ ಮಾಡುವ ಕೆಲಸಕ್ಕೂ ಅಲ್ಲಿ ಅಂತರ ಕಡಿಮೆಯಿತ್ತು.

ಕಾಲೇಜು ಶಿಕ್ಷಣದೊಂದಿಗೆ ಹಿಗ್ಗಿದ ಈ ಅಂತರವನ್ನು ವ್ಯವಸ್ಥಿತವಾಗಿ ಅಧ್ಯಯನ ಮಾಡಿದವರಲ್ಲಿ ಅಮೆರಿಕದ ಮಾರ್ಲೀನ್ ಕ್ರೇಮರ್ ಒಬ್ಬರು. ಕಾಲೇಜಿನಲ್ಲಿ ರೂಢಿಸಿಕೊಂಡ ಆದರ್ಶಗಳು ವಾರ್ಡಿನ ಅವಸರಕ್ಕೆ ಎದುರಾದಾಗ ಹೊಸ ನರ್ಸ್ ಅನುಭವಿಸುವ ತಳಮಳವನ್ನು ಅವರು 1974ರ ತಮ್ಮ ಪುಸ್ತಕದಲ್ಲಿ 'ರಿಯಾಲಿಟಿ ಶಾಕ್' ಎಂದು ಕರೆದರು. 1984ರಲ್ಲಿ ಪೆಟ್ರೀಷಿಯಾ ಬೆನ್ನರ್, ನರ್ಸ್ ಒಬ್ಬರು ಅನನುಭವಿಯಿಂದ ಪರಿಣತರಾಗುವ ಹಾದಿಯನ್ನು ಐದು ಹಂತಗಳಲ್ಲಿ ವಿವರಿಸಿ, ಹೊಸ ಪದವೀಧರರು ಎರಡನೆಯ ಹಂತದಲ್ಲಷ್ಟೇ ಇರುತ್ತಾರೆಂದೂ, ಪುಸ್ತಕದ ನಿಯಮಗಳು ಗೊತ್ತಿದ್ದರೂ ಯಾವ ರೋಗಿಯನ್ನು ಮೊದಲು ನೋಡಬೇಕೆಂಬ ವಿವೇಕ ಅನುಭವದಿಂದಲೇ ಬರುತ್ತದೆಂದೂ ತೋರಿಸಿದರು. ಆ ವಿವೇಕ ಮೂಡುವವರೆಗೆ ರೋಗಿಯ ಗತಿಯೇನೆಂಬ ಪ್ರಶ್ನೆಯನ್ನು ಮಾತ್ರ ಈ ತಲೆಮಾರಿನ ಬರಹಗಳು ಮುಖ್ಯವಾಗಿ ಎತ್ತಲಿಲ್ಲ.

ಆ ಪ್ರಶ್ನೆಗೆ ಒತ್ತು ಸಿಕ್ಕಿದ್ದು ರೋಗಿಯ ಸುರಕ್ಷತೆ ಸ್ವತಂತ್ರ ಅಧ್ಯಯನ ಕ್ಷೇತ್ರವಾಗಿ ಬೆಳೆದ ಮೇಲೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1999ರಲ್ಲಿ, ಅಲ್ಲಿನ ಆಸ್ಪತ್ರೆಗಳಲ್ಲಿ ತಡೆಯಬಹುದಾದ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಮಂದಿ ಸಾಯುತ್ತಾರೆಂದು ಅಂದಾಜಿಸಿತು. ಲಿಂಡಾ ಐಕೆನ್ ಮತ್ತು ಸಂಗಡಿಗರ 2002ರ ಅಧ್ಯಯನದ ಪ್ರಕಾರ, ಒಬ್ಬ ನರ್ಸ್‌ನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆ, ಶಸ್ತ್ರಚಿಕಿತ್ಸೆಯಾದವರು 30 ದಿನಗಳೊಳಗೆ ಸಾಯುವ ಸಂಭವ ಶೇ. 7ರಷ್ಟು ಏರುತ್ತಿತ್ತು, ತೊಡಕು ಕಾಣಿಸಿಕೊಂಡ ರೋಗಿಯನ್ನು ಸಕಾಲದಲ್ಲಿ ಉಳಿಸಿಕೊಳ್ಳಲಾಗದ ಸಂದರ್ಭಗಳೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತಿದ್ದವು. ರೋಗಿಯ ಸ್ಥಿತಿ ಕೈಮೀರುತ್ತಿರುವ ಸೂಚನೆಯನ್ನು ಗುರುತಿಸುವುದು ಹೊಸಬರಿಗೆ ವಿಶೇಷವಾಗಿ ಕಷ್ಟವಾದ್ದರಿಂದ, ಅವರ ತಳಮಳವನ್ನು ಮನೋಬಲದ ಕೊರತೆಯೆಂದು ತಳ್ಳಿಹಾಕುವುದು ಅಸಾಧ್ಯವಾಯಿತು. 2015ರಲ್ಲಿ ಪ್ರಕಟವಾದ, ಅಮೆರಿಕದ ಮೂರು ರಾಜ್ಯಗಳ 105 ಆಸ್ಪತ್ರೆಗಳ ಅಧ್ಯಯನವು, ಹೊಸಬರಿಗೆ ಸುಸಂಘಟಿತ ಬೆಂಬಲವಿದ್ದೆಡೆ ತಪ್ಪುಗಳೂ ಕೆಲಸ ಬಿಡುವವರ ಸಂಖ್ಯೆಯೂ ಕಡಿಮೆಯೆಂದು ಕಂಡಿತು. ಆದರೆ ಆ ತಪ್ಪುಗಳ ಲೆಕ್ಕ ಬಂದದ್ದು ನರ್ಸ್‌ಗಳ ಬಾಯಿಂದಲೇ ಹೊರತು ಕೇಸ್‌ಶೀಟಿನಿಂದಲ್ಲ ಎಂಬುದು ಸಣ್ಣ ಮಿತಿಯಲ್ಲ.

ಭಾರತೀಯ ನರ್ಸಿಂಗ್ ಪರಿಷತ್ತಿನ 2021ರ ಪಠ್ಯಕ್ರಮವು ಬಿ.ಎಸ್ಸಿ.ಯ ಎಂಟನೆಯ ಸೆಮಿಸ್ಟರಿನಲ್ಲಿ 22 ವಾರಗಳ ಇಂಟರ್ನ್‌ಶಿಪ್ ಇರಿಸಿದೆ. ವಿಭಾಗದಿಂದ ವಿಭಾಗಕ್ಕೆ ಸುತ್ತುವ ಇಂಟರ್ನ್ ಆಗಲೂ ವಿದ್ಯಾರ್ಥಿಯೇ. ಕ್ರೇಮರ್ ಹೇಳಿದ ಆಘಾತ ಎದುರಾಗುವುದು ನೋಂದಣಿ ಮುಗಿದು, ನೈಟ್ ಡ್ಯೂಟಿಯಲ್ಲಿ ಇಡೀ ವಾರ್ಡಿನ ಹೊಣೆ ಹೆಗಲಿಗೆ ಬಿದ್ದಾಗ. ಬೆಂಗಳೂರಿನಲ್ಲಿ ಕೇರಳದಿಂದ ಬಂದು ಓದಿದವರೂ ನರ್ಸ್‌ಗಳಾಗಿರುವುದರಿಂದ, ಬಸವನಗುಡಿಯ ವಯೋವೃದ್ಧ ರೋಗಿಯ 'ಎದೆ ಹಿಡಿದ ಹಾಗಿದೆ' ಎಂಬ ದೂರನ್ನು ಗ್ಯಾಸ್ಟ್ರಿಕ್ ಎಂದೋ ಹೃದಯದ ತೊಂದರೆಯೆಂದೋ ತೂಗುವಾಗ, ಅನುಭವದ ಕೊರತೆಗೆ ಭಾಷೆಯ ಅಡಚಣೆಯೂ ಕೂಡಿಕೊಳ್ಳಬಹುದು. ಹಾಸಿಗೆಯ ಪಕ್ಕದಲ್ಲೇ ಇರುವ ಮನೆಯವರು ಬಹುಪಾಲು ಆ ಮಾತನ್ನು ಬಿಡಿಸಿ ಹೇಳಬಲ್ಲರು. ಆದರೆ ಮೇಲೆ ಹೇಳಿದ ಸಿದ್ಧಾಂತಗಳಲ್ಲಿ ಮನೆಯವರಿಗೆ ಹೆಚ್ಚಿನ ಪಾತ್ರವಿಲ್ಲ. ಇನ್ನು ಬೆಂಬಲದ ಮಾತಿಗೆ ಬಂದರೆ, ಹೊಸಬರ ಜೊತೆಗೆ ನಿಂತು ಕಲಿಸುವ ಹಿರಿಯ ನರ್ಸ್‌ಗೆ ಪ್ರಿಸೆಪ್ಟರ್ ಎಂದು ಹೆಸರು. ಆ ಹೊಣೆ ಹೊತ್ತವರ ಪಾಲಿನ ರೋಗಿಗಳ ಸಂಖ್ಯೆಯನ್ನು ಡ್ಯೂಟಿ ಪಟ್ಟಿಯಲ್ಲೇ ತಗ್ಗಿಸದಿದ್ದರೆ, ಕಲಿಸುವ ಕೆಲಸ ಅವರ ಊಟದ ವಿರಾಮಕ್ಕೆ ಬೀಳುತ್ತದೆ.