‘ನಮ್ಮ ಜನಕ್ಕೆ ಅರ್ಥ ಆಗಲ್ಲ’ ಅಂದವರು ಯಾರು? ‘ಪರ್ಫೆಕ್ಟ್ ಬ್ಲೂ’ದಿಂದ ಹೆಗ್ಗೋಡಿನವರೆಗೆ

ಇವತ್ತಿನ ಮಾತು ಒಂದು ಜಪಾನಿ ಸಿನಿಮಾದ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಅದನ್ನು ನೋಡಿದವರ ಬಗ್ಗೆ. ಸಿನಿಮಾ ‘ಪರ್ಫೆಕ್ಟ್ ಬ್ಲೂ’, ನಿರ್ದೇಶಕ ಸತೋಶಿ ಕೋನ್. ಇದು ಅನಿಮೇಷನ್ ಚಿತ್ರವೇ, ಆದರೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವಂಥದ್ದಲ್ಲ.

ಕಥೆ ಇಷ್ಟು. ಮೂವರು ಹುಡುಗಿಯರ ಪಾಪ್ ತಂಡದಲ್ಲಿ ಹಾಡುತ್ತಿದ್ದ ಮೀಮಾ ಅದನ್ನು ಬಿಟ್ಟು ನಟಿಯಾಗಲು ಹೊರಡುತ್ತಾಳೆ. ಅಭಿಮಾನಿಗಳಿಗೆ ಸಿಟ್ಟು. ಅಷ್ಟರಲ್ಲಿ ಇಂಟರ್ನೆಟ್ಟಿನಲ್ಲಿ ‘ಮೀಮಾಳ ಕೋಣೆ’ ಅನ್ನೋ ಪುಟ ಕಾಣಿಸಿಕೊಳ್ಳುತ್ತೆ. ರೈಲಿನಿಂದ ಇಳಿಯುವಾಗ ಯಾವ ಕಾಲು ಮೊದಲಿಟ್ಟೆ ಅನ್ನೋದು ಕೂಡ ಅವಳದೇ ದಿನಚರಿಯ ಥರ ಅಲ್ಲಿ ಬರೆದಿದೆ. ಆದರೆ ಬರೆದವಳು ಅವಳಲ್ಲ! ಸುತ್ತಮುತ್ತ ಕೊಲೆಗಳು ಶುರುವಾಗುತ್ತವೆ. ಕೊನೆಗೆ ‘ನಾನು ಯಾರು’ ಅನ್ನೋದೇ ಅವಳಿಗೆ ಅನುಮಾನವಾಗುತ್ತೆ.

ಮೂಲ ಯೋಶಿಕಾಜು ತಾಕೆಉಚಿ ಅವರ 1991ರ ಕಾದಂಬರಿ. ಮೊದಲು ನಟರನ್ನಿಟ್ಟುಕೊಂಡೇ ತೆಗೆಯುವ ಯೋಚನೆ ಇತ್ತು. 1995ರ ಕೋಬೆ ಭೂಕಂಪದ ನಂತರ ಲೆಕ್ಕಾಚಾರ ತಲೆಕೆಳಗಾಗಿ, ವಿಡಿಯೊ ಮಾರುಕಟ್ಟೆಗೆ ಸಣ್ಣ ಬಜೆಟ್ಟಿನ ಅನಿಮೇಷನ್ ಅಂತಾಯಿತು. ಕೋನ್‌ಗೆ ಇದು ಮೊದಲ ಸಿನಿಮಾ. 1997ರ ಆಗಸ್ಟ್‌ನಲ್ಲಿ ಕೆನಡಾದ ಮಾಂಟ್ರಿಯಲ್‌ನ ಫ್ಯಾಂಟೇಸಿಯಾ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ. ಅಲ್ಲಿನ ಪ್ರೇಕ್ಷಕರು ಎತ್ತಿ ಹಿಡಿದರು. ಜಪಾನಿನ ಥಿಯೇಟರ್‌ಗಳಿಗೆ ಬಂದದ್ದು 1998ರ ಫೆಬ್ರವರಿ 28ಕ್ಕೆ.

ವಿಮರ್ಶಕರಲ್ಲಿ ಎರಡು ಪಂಗಡ. ಒಂದು ಕಡೆಯವರು ಹಿಚ್‌ಕಾಕ್‌ಗೆ ಹೋಲಿಸಿದರು. ಇನ್ನೊಂದು ಕಡೆಯವರದು, ‘ಹೆಣ್ಣಿನ ಮೇಲಿನ ಹಿಂಸೆಯನ್ನು ಇಷ್ಟು ತೋರಿಸಬೇಕಿತ್ತಾ? ಅಷ್ಟಕ್ಕೂ ಇದನ್ನು ಚಿತ್ರ ಬರೆದು ಯಾಕೆ ಮಾಡಬೇಕು, ನಟರಿಂದಲೇ ಮಾಡಿಸಬಹುದಿತ್ತಲ್ಲ?’ ಅನ್ನೋ ತಕರಾರು.

ಮೊದಲ ಪ್ರಶ್ನೆ ಇವತ್ತಿಗೂ ನ್ಯಾಯವಾದದ್ದೇ. ಎರಡನೆಯದಕ್ಕೆ ಉತ್ತರ ಸಿನಿಮಾದಲ್ಲೇ ಇದೆ. ನಟರಿರುವ ಚಿತ್ರದಲ್ಲಿ ಕನಸು ಯಾವುದು, ನಿಜ ಯಾವುದು ಅಂತ ಬೆಳಕೋ ಸೆಟ್ಟೋ ಸುಳಿವು ಕೊಟ್ಟುಬಿಡುತ್ತೆ. ಇಲ್ಲಿ ಎಲ್ಲವೂ ಒಂದೇ ಗೆರೆ, ಒಂದೇ ಬಣ್ಣ. ಮೀಮಾ ದಾರಿ ತಪ್ಪಿದ ಕಡೆಯೇ ನಾವೂ ತಪ್ಪುತ್ತೇವೆ.

ಇನ್ನೊಂದು ವಿಷಯ ಗಮನಿಸಿ. ಮೀಮಾಗೆ ಕಂಪ್ಯೂಟರ್ ಹಚ್ಚೋದಕ್ಕೂ ಬರಲ್ಲ, ಯಾರೋ ಹೇಳಿಕೊಡಬೇಕು. 1997ರ ಪ್ರೇಕ್ಷಕರಲ್ಲೂ ಬಹಳ ಜನರ ಸ್ಥಿತಿ ಅದೇ. ಈಗ? ನಮ್ಮ ಹೆಸರಿನಲ್ಲಿ ನಕಲಿ ಖಾತೆ, ನಟಿಯೊಬ್ಬಳು ಒಂದು ಪಾತ್ರ ಒಪ್ಪಿಕೊಂಡರೆ ಕಾಮೆಂಟಿನಲ್ಲಿ ಕಲ್ಲೇಟು. ಅವತ್ತು ವಿಚಿತ್ರ ಅನ್ನಿಸಿದ್ದು ಇವತ್ತು ದಿನನಿತ್ಯದ ಸುದ್ದಿ. ಸಿನಿಮಾ ಬದಲಾಗಿಲ್ಲ, ಪ್ರೇಕ್ಷಕರು ಅದರ ಹತ್ತಿರ ಬಂದಿದ್ದಾರೆ. ಅದರೊಳಗಿನ ಖಳ ಅಂದರೆ ‘ಅವಳು ನಮ್ಮವಳು, ನಾವು ಹೇಳಿದ ಹಾಗಿರಬೇಕು’ ಅನ್ನೋ ನೋಟವೇ ಅಲ್ಲವೇ?

2010ರ ಆಗಸ್ಟ್ 24ರಂದು ಕೋನ್ ತೀರಿಕೊಂಡರು, 46 ವರ್ಷಕ್ಕೆ. ಸರಿಯಾಗಿ ಎಂಟು ದಿನಕ್ಕೆ, ಸೆಪ್ಟೆಂಬರ್ 1ರಂದು, ವೆನಿಸ್ ಚಿತ್ರೋತ್ಸವ ‘ಬ್ಲ್ಯಾಕ್ ಸ್ವಾನ್’ ಚಿತ್ರದಿಂದ ಆರಂಭವಾಯಿತು. ಆ ಚಿತ್ರ ನೋಡಿದ ಎಷ್ಟೋ ಮಂದಿ ಮೀಮಾಳನ್ನು ಹುಡುಕಿಕೊಂಡು ಹಿಂದಕ್ಕೆ ಹೋದರು.

ಜಪಾನಿ ಸಿನಿಮಾದಲ್ಲಿ ಇದು ಹೊಸ ಕಥೆಯೇನಲ್ಲ. 1950ರಲ್ಲಿ ಕುರೊಸಾವಾ ‘ರಾಶೊಮನ್’ ಮಾಡಿದಾಗ ಕಂಪನಿಯ ಮುಖ್ಯಸ್ಥರಿಗೇ ಅದು ತಲೆಬುಡ ತಿಳಿಯಲಿಲ್ಲ. ಒಂದು ಕೊಲೆಯನ್ನು ನಾಲ್ಕು ಜನ ನಾಲ್ಕು ಥರ ಹೇಳ್ತಾರೆ, ನಿಜ ಯಾವುದು ಅಂತ ಸಿನಿಮಾ ಹೇಳೋದೇ ಇಲ್ಲ! 1951ರಲ್ಲಿ ವೆನಿಸ್‌ನಲ್ಲಿ ಅತ್ಯುನ್ನತ ಪ್ರಶಸ್ತಿ ಬಂದ ಮೇಲೆ ಅದರ ಮರ್ಯಾದೆಯೇ ಬೇರೆಯಾಯಿತು.

ಈಗ ನಾವಿರುವ ಪುಣೆಗೆ ಬರೋಣ. ಇಲ್ಲಿ ಪ್ರಭಾತ್ ಸ್ಟುಡಿಯೊ ಇದ್ದ ಜಾಗದಲ್ಲಿ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾಯಿತು. 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಬಂತು. ಅದನ್ನು ಕಟ್ಟಿ ಬೆಳೆಸಿದವರು ಪಿ.ಕೆ. ನಾಯರ್. ಇತ್ತ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ನೀನಾಸಮ್‌ನಲ್ಲಿ ಚಿತ್ರಸಮಾಜ ಕಟ್ಟಿದ್ದರು. ಪುಣೆಯ ನಾಯರ್ ಮತ್ತು ಸತೀಶ್ ಬಹಾದ್ದೂರ್ ಅವರಿಗೆ ಜೊತೆಯಾದರು. 1970ರ ದಶಕದ ಕೊನೆಗೆ ‘ರಾಶೊಮನ್’, ‘ಬೈಸಿಕಲ್ ಥೀವ್ಸ್’, ‘ಪಥೇರ್ ಪಾಂಚಾಲಿ’ಯಂಥ ಚಿತ್ರಗಳು ಅಡಿಕೆ ತೋಟದ ಊರಿನಲ್ಲಿ ಪರದೆಗೆ ಬಂದವು. 2012ರ ‘ಸೆಲ್ಯುಲಾಯ್ಡ್ ಮ್ಯಾನ್’ ಸಾಕ್ಷ್ಯಚಿತ್ರದಲ್ಲಿ ಆ ಊರಿನವರು ತಾವು ನೋಡಿದ ಸಿನಿಮಾಗಳನ್ನು ನೆನಪು ಮಾಡಿಕೊಳ್ಳೋದನ್ನು ನೀವೇ ನೋಡಬಹುದು.

ಇದರಲ್ಲಿ ಆಶ್ಚರ್ಯ ಪಡೋದೇನಿದೆ ಅಂತ ನನಗನ್ನಿಸುತ್ತೆ. ತಾಳಮದ್ದಳೆ ಕೇಳಿ ಬೆಳೆದವರು ಅವರು. ಒಂದೇ ಪ್ರಸಂಗ; ಕರ್ಣನ ಅರ್ಥ ಹೇಳುವವರು ಮಾತಾಡಿದರೆ ಕರ್ಣನೇ ಸರಿ, ಕೃಷ್ಣನ ಅರ್ಥಧಾರಿ ಮಾತಿಗಿಳಿದರೆ ಕೃಷ್ಣನೇ ಸರಿ. ಬೆಳಗಿನ ಜಾವ ಮನೆಗೆ ಹೋಗುವಾಗ ತೀರ್ಪು ಕೇಳುಗನಿಗೇ ಬಿಟ್ಟದ್ದು. ಜಪಾನಿ ಕಂಪನಿಯ ಮುಖ್ಯಸ್ಥರಿಗೆ ಇಲ್ಲದಿದ್ದ ಈ ಅಭ್ಯಾಸ ಮಲೆನಾಡಿನ ಕೃಷಿಕನಿಗಿತ್ತು.

ಕನ್ನಡದ್ದೇ ಉದಾಹರಣೆ ಬೇಕಾದರೆ 2014ರ ‘ಉಳಿದವರು ಕಂಡಂತೆ’. ಬಿಡುಗಡೆಯಾದಾಗ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು, ಈಗ ಅದನ್ನು ಮೆಚ್ಚುವ ದೊಡ್ಡ ಬಳಗವೇ ಇದೆ. ಅನಿಮೆಯದ್ದೂ ಅಷ್ಟೆ. ಭಾರತದಲ್ಲಿ ಅದನ್ನು ಥಿಯೇಟರಿಗೆ ಬಂದು ಯಾರು ನೋಡ್ತಾರೆ ಅಂತಿದ್ದ ಕಾಲದಲ್ಲಿ ಅಭಿಮಾನಿಗಳು ಆನ್‌ಲೈನ್‌ನಲ್ಲಿ ಸಹಿ ಸಂಗ್ರಹಿಸಿದರು. 2019ರ ಅಕ್ಟೋಬರ್‌ನಲ್ಲಿ ‘ವೆದರಿಂಗ್ ವಿತ್ ಯೂ’ ನಮ್ಮ ಥಿಯೇಟರ್‌ಗಳಿಗೆ ಬಂತು.

‘ನಮ್ಮ ಜನಕ್ಕೆ ಅರ್ಥ ಆಗಲ್ಲ’ ಅನ್ನೋ ಮಾತು ಸಾಮಾನ್ಯವಾಗಿ ಸಿನಿಮಾ ತೋರಿಸುವ ಮೊದಲೇ ಬರುತ್ತೆ, ಹೇಳುವವರು ಹಣ ಹಾಕುವವರು ಅಥವಾ ಹಂಚುವವರು. ಜನರನ್ನು ಕೇಳಿ ಬಂದ ಉತ್ತರವಲ್ಲ ಅದು. ಮುಂದಿನ ಸಲ ಯಾರಾದರೂ ಹೀಗಂದರೆ ಒಂದೇ ಪ್ರಶ್ನೆ ಕೇಳಿ: ತೋರಿಸಿ ನೋಡಿದ್ದೀರಾ?

ಹಿಂಜವಾಡಿಯ ಟ್ರಾಫಿಕ್ ದಾಟಿ ಒಂದು ದಿನ ಲಾ ಕಾಲೇಜ್ ರಸ್ತೆಗೆ ಹೋದರೆ ಆ ಸಂಗ್ರಹಾಲಯ ಸಿಗುತ್ತೆ. ಹೆಗ್ಗೋಡಿನ ಕಥೆಗೆ ಜೊತೆಯಾದ ಕಟ್ಟಡ ಅಂತ ಗೊತ್ತಿದ್ದರೆ ಅದು ಸ್ವಲ್ಪ ನಮ್ಮೂರಿನದೇ ಅನ್ನಿಸಬಹುದು.