ಪೆಟ್ಟಿಗೆಯೊಳಗಿನ ಗಾಳಿ

ಸ್ಪೀಕರ್ ಎಂದರೆ ಅಂಗಡಿಯಿಂದ ಹೊತ್ತು ತರುವ ವಸ್ತು ಎಂದೇ ಇಂದು ನಾವು ಭಾವಿಸಿದ್ದೇವೆ. ಆದರೆ ಅದರ ನೂರು ವರ್ಷಗಳ ಚರಿತ್ರೆಯಲ್ಲಿ ಕಾರ್ಖಾನೆಯ ಜೊತೆಗೆ ಮನೆಯೂ ಇದೆ, ಬಡಗಿಯ ಉಳಿಯೂ ಇದೆ.

ನಾವಿಂದು ಬಳಸುವ ಸ್ಪೀಕರಿಗೆ ಖಚಿತ ರೂಪ ಕೊಟ್ಟವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್. ಅದು 1925ರ ಮಾತು. ಅಯಸ್ಕಾಂತದ ನಡುವೆ ತಂತಿಯ ಸುರುಳಿ, ಅದಕ್ಕೆ ಅಂಟಿಸಿದ ಕಾಗದದ ಶಂಕು, ಇಷ್ಟೇ. ವಿದ್ಯುತ್ತು ಏರಿಳಿದಂತೆ ಶಂಕು ಹಿಂದೆ ಮುಂದೆ ಅಲುಗಿ ಗಾಳಿಯನ್ನು ನೂಕುತ್ತದೆ. ತೊಡಕಿರುವುದೂ ಇಲ್ಲಿಯೇ. ಶಂಕು ಮುಂದೆ ಗಾಳಿಯನ್ನು ಒತ್ತುವಾಗ ಹಿಂದೆ ಗಾಳಿ ಸಡಿಲವಾಗುತ್ತದೆ. ಎರಡೂ ಕಡೆಯ ಅಲೆಗಳು ಸುತ್ತಿ ಬಂದು ಸೇರಿದಾಗ ತಗ್ಗಿನ ಸ್ವರಗಳು ಒಂದನ್ನೊಂದು ಅಳಿಸಿಬಿಡುತ್ತವೆ. ಬರಿಯ ಸ್ಪೀಕರಿನಲ್ಲಿ ತಬಲದ ಡಗ್ಗಾ ಸತ್ತಂತೆ ಕೇಳಿಸುವುದು ಇದರಿಂದಲೇ. ಹಿಂದಿನ ಅಲೆಯನ್ನು ತಡೆಯಲು ಪೆಟ್ಟಿಗೆ ಬೇಕು. ಸುರುಳಿ, ಶಂಕುಗಳನ್ನು ಮನೆಯಲ್ಲಿ ಮಾಡುವುದು ಕಷ್ಟ. ಪೆಟ್ಟಿಗೆಯ ವಿಷಯ ಹಾಗಲ್ಲ.

ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ಗಿಲ್ಬರ್ಟ್ ಬ್ರಿಗ್ಸ್ ಎಂಬ ಜವಳಿ ವ್ಯಾಪಾರಿಯಿದ್ದರು. ಅವರು ಎಂಜಿನಿಯರ್ ಅಲ್ಲ. ಸಂಗೀತದ ಹುಚ್ಚಿದ್ದ ಈ ಮನುಷ್ಯ ಇಲ್ಕ್‌ಲಿ ಊರಿನ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಸ್ಪೀಕರ್ ಕಟ್ಟತೊಡಗಿದರು. 1932ರಲ್ಲಿ ವಾರ್ಫ್‌ಡೇಲ್ ಸಂಸ್ಥೆ ಹುಟ್ಟಿದ್ದು ಹೀಗೆ. ನಮ್ಮ ದೃಷ್ಟಿಯಲ್ಲಿ ಬ್ರಿಗ್ಸ್ ದೊಡ್ಡವರಾಗುವುದು ಈ ವ್ಯಾಪಾರದಿಂದಲ್ಲ, 1948ರಲ್ಲಿ ಅವರು ಪ್ರಕಟಿಸಿದ 'ಲೌಡ್‌ಸ್ಪೀಕರ್ಸ್' ಎಂಬ ಪುಸ್ತಕದಿಂದ. ಕಾರ್ಖಾನೆಯ ಒಡೆಯನೊಬ್ಬ ತನ್ನ ಕಸುಬಿನ ಒಳಗುಟ್ಟನ್ನು ಸಾಮಾನ್ಯನಿಗೆ ಅರ್ಥವಾಗುವಂತೆ ಬರೆದು ಹಂಚಿದ್ದು ಸಣ್ಣ ಮಾತೇ? ಮರದ ಹಲಗೆ ನಡುಗಿದರೆ ಸ್ವರ ಕೆಡುತ್ತದೆಂದು ಎರಡು ಹಲಗೆಗಳ ನಡುವೆ ಮರಳು ತುಂಬುವ ಉಪಾಯವನ್ನೂ ಬ್ರಿಗ್ಸ್ ಬಳಸಿದರು. ಕೋಣೆಯ ಮೂಲೆಯಲ್ಲಿ ಇಟ್ಟಿಗೆ ಕಟ್ಟಿ ಅದರಲ್ಲಿ ಸ್ಪೀಕರ್ ಕೂರಿಸಿದ್ದೂ ಉಂಟು.

ಆದರೆ ಆಗಿನ ಒಳ್ಳೆಯ ಪೆಟ್ಟಿಗೆಗಳು ಕಪಾಟಿನಷ್ಟು ದೊಡ್ಡವು. ಒಂದಕ್ಕೇ ಜಾಗವಿಲ್ಲದ ಮನೆಯಲ್ಲಿ ಎರಡನ್ನು ಇಡುವುದೆಲ್ಲಿ? ಎರಡು ದಿಕ್ಕಿನ ಧ್ವನಿಯ ಸ್ಟೀರಿಯೋ ವಿಧಾನಕ್ಕೆ ಬ್ರಿಟನ್ನಿನ ಅಲನ್ ಬ್ಲಮ್‌ಲೈನ್ 1931ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ್ದರೂ ಸ್ಟೀರಿಯೋ ಧ್ವನಿಮುದ್ರಿಕೆ ಮನೆಗಳಿಗೆ ಬಂದದ್ದು 1958ರ ಸುಮಾರಿಗೆ. ಅಷ್ಟರಲ್ಲಿ ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕಿನಲ್ಲಿ ಎಡ್ಗರ್ ವಿಲ್ಚರ್ ಎಂಬ ಅಧ್ಯಾಪಕರು ದಾರಿ ಹುಡುಕಿದ್ದರು. ಅವರ ಪೆಟ್ಟಿಗೆಯಲ್ಲಿ ಗಾಳಿ ಆಡುವ ಸಂದಿಲ್ಲ. ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯೇ ಶಂಕುವಿಗೆ ಸ್ಪ್ರಿಂಗು. ಮನೆಯಲ್ಲಿ ಕಟ್ಟಿದ ಮೊದಲ ಮಾದರಿಯಲ್ಲಿ, ಪತ್ನಿ ರೋಸ್‌ಮೇರಿಯ ನೆರವಿನಿಂದ, ಶಂಕುವಿನ ಅಂಚಿಗೆ ಹಾಸಿಗೆಯ ಬಟ್ಟೆಯನ್ನು ಬಳಸಿದ್ದರು. 1954ರಲ್ಲಿ ಹೆನ್ರಿ ಕ್ಲಾಸ್ ಜೊತೆಗೂಡಿ ಅಕೌಸ್ಟಿಕ್ ರಿಸರ್ಚ್ ಸಂಸ್ಥೆ ಕಟ್ಟಿದರು. ಪುಸ್ತಕದ ಕಪಾಟಿನಲ್ಲಿ ಕೂರುವ ಪೆಟ್ಟಿಗೆ ಡಗ್ಗಾದಂಥ ಗಂಭೀರ ಸ್ವರ ನುಡಿಯಿತು.

ಮುಂದೆ ವಿಲ್ಚರ್ ಅವರ ಪೇಟೆಂಟನ್ನು ನ್ಯಾಯಾಲಯ ಮಾನ್ಯ ಮಾಡಲಿಲ್ಲ. ಅವರು ಹೋರಾಟ ಮುಂದುವರಿಸಲೂ ಇಲ್ಲ. ಕಂಪೆನಿಯನ್ನು ಮಾರಿದ ಬಳಿಕ ಕಿವಿ ಮಂದವಾದವರ ಶ್ರವಣ ಸಾಧನದ ಸಂಶೋಧನೆಗೆ ತೊಡಗಿದರು. ಅಲ್ಲಿ ಕಂಡುಕೊಂಡದ್ದಕ್ಕೆ ಪೇಟೆಂಟನ್ನೇ ಪಡೆಯದೆ ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು.

ರಂಧ್ರವಿರುವ ಪೆಟ್ಟಿಗೆಯ ಲೆಕ್ಕ ಮಾತ್ರ ಇನ್ನೂ ಅಂದಾಜಿನದೇ. ಕೊಳವೆ ಎಷ್ಟು ಉದ್ದವಿರಬೇಕು, ಪೆಟ್ಟಿಗೆ ಎಷ್ಟು ಹಿಡಿಯಬೇಕು ಎಂಬುದನ್ನು ಕತ್ತರಿಸಿ, ಕೇಳಿ, ಮತ್ತೆ ಕತ್ತರಿಸಿ ತಿಳಿಯಬೇಕಿತ್ತು. ಹಲಗೆಯ ದುಡ್ಡು ಅಷ್ಟೂ ದಂಡ. ಇದಕ್ಕೆ ಗಣಿತದ ಪರಿಹಾರ ಬಂದದ್ದು ಲಂಡನ್ನಿನಿಂದಲ್ಲ, ನ್ಯೂಯಾರ್ಕಿನಿಂದಲ್ಲ, ಆಸ್ಟ್ರೇಲಿಯಾದಿಂದ. 1961ರಲ್ಲಿ ನೆವಿಲ್ ಥೀಲ್ ಅಲ್ಲಿನ ಪತ್ರಿಕೆಯೊಂದರಲ್ಲಿ 28 ಬಗೆಯ ಹೊಂದಾಣಿಕೆಗಳ ಕೋಷ್ಟಕ ಪ್ರಕಟಿಸಿದರು. ಸುಮಾರು ಹತ್ತು ವರ್ಷ ಹೊರಜಗತ್ತು ಅದನ್ನು ಹೆಚ್ಚಾಗಿ ಗಮನಿಸಲಿಲ್ಲ. 1971ರಲ್ಲಿ ಅಮೆರಿಕದ ಪತ್ರಿಕೆ ಅದನ್ನು ಮರುಮುದ್ರಿಸಿತು. ಸಿಡ್ನಿಯಲ್ಲಿ ಸಂಶೋಧನೆ ಮಾಡಿದ ರಿಚರ್ಡ್ ಸ್ಮಾಲ್ ಅದನ್ನು ವಿಸ್ತರಿಸಿದರು. ಇವರಿಬ್ಬರ ಹೆಸರಿನ ಅಂಕಿಗಳು ಇಂದು ತಯಾರಕರ ವಿವರಪತ್ರದಲ್ಲಿ ಇರುತ್ತವೆ. ಅವನ್ನು ಹಿಡಿದು ಒಂದು ಕ್ಯಾಲ್ಕ್ಯುಲೇಟರಿನಿಂದ ಪೆಟ್ಟಿಗೆಯ ಅಳತೆ ತೆಗೆಯಬಹುದು.

ನಮ್ಮಲ್ಲಿ ಈ ಅಂಕಿಗಳು ಬರುವ ಮೊದಲೇ ಕೈಕೆಲಸ ನಡೆದಿತ್ತು. ಕ್ಯಾಸೆಟ್ ಕಾಲದಲ್ಲಿ ಬಿಡಿ ಸ್ಪೀಕರ್ ತಂದು ಪ್ಲೈವುಡ್ ಪೆಟ್ಟಿಗೆ ಮಾಡಿಸಿದವರು, ಅದೂ ಕೈಗೆಟುಕದಿದ್ದರೆ ಮಣ್ಣಿನ ಮಡಕೆಯ ಬಾಯಿಗೆ ಸ್ಪೀಕರ್ ಕೂರಿಸಿದವರು ನಮ್ಮ ಊರುಗಳಲ್ಲಿದ್ದರು. ಮಡಕೆಯನ್ನು ಕಂಡು ನಗಬೇಕಾಗಿಲ್ಲ. ದುಂಡಗಿನ ಗೋಡೆ ಹಲಗೆಯಷ್ಟು ಸುಲಭವಾಗಿ ನಡುಗದು. ಕೊರತೆಯಿದ್ದದ್ದು ಅಳತೆಯದು, ಯಾಕೆಂದರೆ ಬಿಡಿ ಸ್ಪೀಕರಿನ ಜೊತೆ ವಿವರಪತ್ರ ಸಿಗುವುದು ಅಪರೂಪವಾಗಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವ ಹುಡುಗರು ವೂಫರಿನ ಬೆಲೆಯ ಜೊತೆಗೆ ಆ ಕಾಗದವನ್ನೂ ಕೇಳಲಿ. ಲೆಕ್ಕ ಸಿಕ್ಕ ಮೇಲೆ ಉಳಿಯುವುದು ಬಡಗಿಯ ಕೆಲಸ: ಎರಡು ಪೆಟ್ಟಿಗೆ, ಒಂದೇ ಅಳತೆ, ಮೂಲೆಗಳಲ್ಲಿ ಗಾಳಿ ಸೋರದಂತೆ ಅಂಟು.